ಬರೇ ಹಾಡಸ್ತಾರ, ಏನೂ ಕಲಸಂಗಿಲ್ಲ!

ಈ ಸಲ ಅಡಗಿ ವಿಷಯ ಬ್ಯಾಡ. ನಮ್ಮ ಓಣ್ಯಾಗ ಬ್ಯಾಸಗಿ ಬಂತಂದ್ರ ಉಪ್ಪಿನಕಾಯಿ, ಹಪ್ಪಳದ ಮಾತಿನ ಜೋಡಿ ಇನ್ನೊಂದು ಮಾತು ಶುರು ಆಗ್ತದ. ಯಾರ ಮನಿ ಕೂಸಿಗೆ ಯಾವ ಶಾಲಿ? ಬಾಲವಾಡಿಗೆ ಕಳಸ್ತೀವಿ ಅಂದ್ರ ಸಾಕು, “ಅಯ್ಯ, ಅಲ್ಲಿ ಬರೇ ಹಾಡಸ್ತಾರ್ರೀ, ಏನೂ ಕಲಸಂಗಿಲ್ಲ” ಅಂತಾರ.

ಈ ವರ್ಷ ಆ ಮಾತು ನಮ್ಮ ಮನಿ ಹೊಚ್ಚಲಾ ದಾಟಿ ಒಳಗ ಬಂದದ. ಮೊಮ್ಮಗಗ ನಾಕು ವರ್ಷ ತುಂಬ್ಯಾವ. ಹೋದ ವರ್ಷ ಮನಿ ಹಿಂದಿನ ಬಾಲವಾಡಿಗೆ ಕುಣಕೋತ ಹೋಗ್ತಿದ್ದ. ಈಗ ಮಗ ಒಂದು ದೊಡ್ಡ ಶಾಲಿ ಫಾರ್ಮ್ ತಂದಿಟ್ಟಾನ. ಅಲ್ಲಿ ಎಲ್‌ಕೆಜಿಗೇ ದಿನಾ ಎರಡು ಪುಟ ಬರಿಯೋದು. ಸೊಸಿಗೆ ಅರ್ಧ ಮನಸ್ಸು, ಅರ್ಧ ಅಂಜಿಕಿ. ಕೂಸು ಎಲ್ಲಾರಕಿಂತ ಹಿಂದ ಬಿದ್ದರ ಹೆಂಗ ಅಂತ. ಫಾರ್ಮ್ ಕೊಡ್ಲಿಕ್ಕೆ ಇನ್ನ ಹತ್ತು ದಿನ ಅದ. ಮನ್ಯಾಗ ನಾ ಏನು ಹೇಳಿದೆ ಅನ್ನೋದನ್ನ ಇಲ್ಲಿ ಬರೀತೀನಿ, ನಿಮ್ಮ ಮನ್ಯಾಗೂ ಉಪಯೋಗ ಆಗಬಹುದು.

ನಾ ಪಿಯುಸಿ ಮುಗಿಸಿದಾಕಿ, ದೊಡ್ಡ ಪಂಡಿತಳಲ್ಲ. ಆದ್ರ ಮಗಳು ನರ್ಸರಿ ಟೀಚರ್ ಟ್ರೇನಿಂಗ್ ಮಾಡ್ಲಿಕತ್ತಾಳ. ಆಕಿ ಕನ್ನಡದ ನೋಟ್ಸು, ಪುಸ್ತಕ ಎಲ್ಲಾ ಮ್ಯಾಜಿನ ಮ್ಯಾಲೇ ಬಿದ್ದಿರ್ತಾವ. ರಾತ್ರಿ ಕೆಲಸ ಮುಗಿದ ಮ್ಯಾಲೆ ಓದಕೋತ ಕೂಡ್ತೀನಿ.

ಸ್ವಿಟ್ಜರ್‌ಲ್ಯಾಂಡಿನಾಗ ಪಿಯಾಜೆ ಅಂತ ಒಬ್ಬರಿದ್ರು, 1896ರಾಗ ಹುಟ್ಟಿದವ್ರು. ತಮ್ಮ ಮೂರೂ ಮಕ್ಕಳನ್ನ ತೊಟ್ಟಿಲದಾಗಿಂದನ ನೋಡಿ ನೋಡಿ ಬರದಿಟ್ಟರು. ಎರಡು ವರ್ಷದ ತನಕಾ ಕೂಸು ಬಾಯಿ, ಕೈ, ಕಾಲಿನಿಂದ ಕಲೀತದ. ಎರಡರಿಂದ ಏಳರ ತನಕಾ ಒಂದರ ಬದಲಿ ಇನ್ನೊಂದನ್ನ ಇಟಗೊಂಡು ಆಡೋದು ಕಲೀತದ, ಆದ್ರ ಕಣ್ಣಿಗೆ ಕಂಡದ್ದೇ ಅದಕ್ಕ ಖರೇ. ಅವರದೊಂದು ಪರೀಕ್ಷಾ ನಾ ಮಜ್ಜಿಗಿ ಹಾಕಿ ಮಾಡಿದೆ. ಎರಡು ಒಂದೇ ಥರದ ಗ್ಲಾಸಿನಾಗ ಸಮ ಮಜ್ಜಿಗಿ. ಮೊಮ್ಮಗ “ಎರಡೂ ಅಷ್ಟೇ ಅಜ್ಜಿ” ಅಂದ. ಅವನ ಎದುರಿಗೇ ಒಂದನ್ನ ಉದ್ದನ್ನ ಸಣ್ಣ ಗ್ಲಾಸಿಗೆ ಸುರುವಿದೆ. ತಗೋರಿ, “ಇದರಾಗ ಭಾಳ ಅದ, ಇದು ನಂದು” ಅಂತ ಎಳಕೊಂಡ! ಆಮ್ಯಾಲೆ ಬಂದ ಪಂಡಿತರು, ಪಿಯಾಜೆ ಅವರು ಕೂಸುಗಳನ್ನ ಸ್ವಲ್ಪ ಕಡಿಮಿ ಅಂದಾಜು ಮಾಡಿದ್ರು ಅಂತನೂ ಹೇಳ್ಯಾರ. ಇರ್ಲಿ. ಉದ್ದ ಗ್ಲಾಸಿನಾಗ ಭಾಳ ಮಜ್ಜಿಗಿ ಅದ ಅನ್ನೋ ಕೂಸಿಗೆ ಕಾಗದದ ಮ್ಯಾಲಿನ “3” ಅಂದ್ರ ಒಂದು ಸೊಟ್ಟ ಗೆರಿ, ಅಷ್ಟೇ. ಅದೇ ಹಾಡಿನಾಗ ಮೂರು ಸಲ ಚಪ್ಪಾಳೆ ತಟ್ಟಿದ್ರ ಮೂರು ಅನ್ನೋದು ಕೈಯೊಳಗ ಕೂಡ್ತದ.

ಇನ್ನೊಂದು ನೋಡ್ರಿ. ಆನಿ ಹಾಡು ಹೇಳಕೋತ ಕೂಸು ಕೈಯನ್ನ ಸೊಂಡಿಲಾ ಮಾಡ್ತದ. ಅಲ್ಲಿ ಸೊಂಡಿಲಿಲ್ಲ, ಕೈ ಅದರ ಬದಲಿಗೆ ನಿಂತದ. ಅಕ್ಷರ ಅಂದ್ರೂ ಅದೇ ಅಲ್ಲೇನು? ದನಿ ಬದಲಿಗೆ ನಿಂತ ಗುರ್ತು. ಕೈ ಸೊಂಡಿಲಾ ಆಗಬಹುದು ಅಂತ ತಿಳದ ಕೂಸಿಗೆ, ನಾಳೆ ಈ ಗೆರಿ “ಕ” ಅಂತ ತಿಳೀಲಿಕ್ಕೆ ದಾರಿ ಆಗೇದ.

ಅದೇ 1896ರಾಗ ಹುಟ್ಟಿದ ಇನ್ನೊಬ್ಬರು ರಷ್ಯಾದ ವೈಗೋಟ್ಸ್ಕಿ. 1934ರಾಗ, 37 ವರ್ಷಕ್ಕ, ಕ್ಷಯರೋಗದಿಂದ ಹೋದರು ಪಾಪ. ಅವರ ಮಾತಿನ ಸಾರ ಇಷ್ಟು: ಕೂಸು ಇವತ್ತು ದೊಡ್ಡವರ ಕೈ ಹಿಡದು ಮಾಡಿದ್ದನ್ನ ನಾಳೆ ತಾನಾ ಮಾಡ್ತದ. ನಾವು ಹಾಡು ಕಲಸೋದು ಹಂಗೇ ಅಲ್ಲೇನ್ರಿ? ಮೊದಲ ಪೂರಾ ನಾವೇ ಹೇಳ್ತೀವಿ. ಆಮ್ಯಾಲೆ ಸಾಲಿನ ಕಡೀ ಶಬ್ದ ಬಿಟ್ಟು ಸುಮ್ಮನಾಗ್ತೀವಿ, ಕೂಸು ತುಂಬತದ. ಒಂದು ವಾರಕ್ಕ ಪೂರಾ ಹಾಡು ಅದರದೇ ಆಗ್ತದ, ನಾವು ತಪ್ಪಿದ್ರ ನಮ್ಮನ್ನೇ ತಿದ್ದತದ.

ಹಿಂಗ ಕಲಸೋದು ಇವತ್ತಿನ ಹೊಸಾ ಫ್ಯಾಶನ್ ಅಲ್ಲ. ಕಿಂಡರ್‌ಗಾರ್ಟನ್ ಅಂದ್ರ ಮಕ್ಕಳ ತೋಟ. 1840ರಾಗ ಆ ಹೆಸರು ಇಟ್ಟವರು ಜರ್ಮನಿಯ ಫ್ರೋಬೆಲ್. ಅವರು ತಾಯಂದಿರು ಕೂಸಿನ ಬೆರಳು ಹಿಡದು ಆಡಸೋದನ್ನ ನೋಡಿ, 1844ರಾಗ ತಾಯಿ ಹಾಡುಗಳ ಒಂದು ಪುಸ್ತಕನೇ ಮಾಡಿದರು. ಹಂಗೇರಿಯ ಕೊಡಾಯ್ ಅನ್ನೋ ದೊಡ್ಡ ಸಂಗೀತಗಾರರು ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಸಿದವ್ರು. ಮಕ್ಕಳಿಗೆ ಮೊದಲನೇ ವಾದ್ಯ ತಮ್ಮ ಸ್ವಂತ ದನಿ, ಮೊದಲನೇ ಹಾಡು ತಮ್ಮ ಮನಿ ಮಾತಿನ ಜನಪದ ಹಾಡು ಅಂತ ಅವರ ಪದ್ಧತಿ. ನಮ್ಮ ದೇಶದಾಗ ಗಿಜುಭಾಯಿ ಬಧೇಕಾ ಅವರು 1920ರಾಗ ಭಾವನಗರದಾಗ ಬಾಲಮಂದಿರ ತೆಗೆದರು, ಹಾಡು, ಕಥಿ, ಆಟ ಅಲ್ಲೇ ಪಾಠ ಆದ್ವು. ಅವರ ಜೋಡಿ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಅವರು 1945ರಾಗ ಮಹಾರಾಷ್ಟ್ರದ ಬೋರ್ಡಿಗೆ ಬಂದರು. ಬಡವರ ಮಕ್ಕಳು ಶಾಲಿಗೆ ಬರಲಿಲ್ಲಂದ್ರ ಶಾಲಿನೇ ಅವರ ಅಂಗಳಕ್ಕ ಹೋಗ್ಲಿ ಅಂತ ಅಂಗನವಾಡಿ ವಿಚಾರ ಬೆಳಸಿದರು. ಹಿಂಗಾಗಿ ಶಾಲ್ಯಾಗಿನ ಹಾಡು ಕೆಲಸ ತಪ್ಪಿಸೋ ಉಪಾಯ ಅಲ್ಲ, ನಮ್ಮಂಥ ಹೆಣ್ಣುಮಕ್ಕಳ ತೊಟ್ಟಿಲ ಕಟ್ಟಿದ ಮನಿಯಿಂದ ಹೋದ ವಿದ್ಯಾ.

ಮಗ ಇದನ್ನೆಲ್ಲಾ ಕೇಳಿ, “ಹಂಗಾದ್ರ ಮೊಬೈಲ್‌ನಾಗ ಹಾಡು ಹಚ್ಚಿ ಕೊಟ್ಟರ ಆತಲ್ಲ, ಮೊಜಾರ್ಟ್ ಕೇಳಸಿದ್ರ ಮಕ್ಕಳು ಶಾಣ್ಯಾ ಆಗ್ತಾರಂತ” ಅಂದ. ಆ ಕಥಿನೂ ಪುಸ್ತಕದಾಗ ಅದ. 1993ರಾಗ ಅಮೆರಿಕಾದಾಗ 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ 10 ನಿಮಿಷ ಮೊಜಾರ್ಟ್ ಸಂಗೀತ ಕೇಳಸಿದರು. ಕಾಗದ ಮಡಿಚಿ ಕತ್ತರಿಸೋ ಥರದ ಒಂದು ಲೆಕ್ಕದಾಗ ಸ್ವಲ್ಪ ಚೊಲೋ ಮಾಡಿದರು, ಅದೂ ಕಾಲು ತಾಸಿನೊಳಗ ಇಳದು ಹೋತು. ಕೂಸುಗಳ ಮ್ಯಾಲೆ ಆ ಪರೀಕ್ಷಾ ಮಾಡೇ ಇಲ್ಲ! ಆದ್ರೂ 1998ರಾಗ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಕೂಸಿಗೊಂದು ಸಂಗೀತದ ಸೀಡಿ ಕೊಡಬೇಕು ಅಂತ ರೊಕ್ಕ ಕೇಳಿದರು. ಮೊಬೈಲ್ ಕೂಸಿನ ಕಣ್ಣು ನೋಡಂಗಿಲ್ಲ, ಕೂಸು ತಡದ್ರ ತಾ ತಡ್ಯಂಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳೇದ, ಎರಡರಿಂದ ನಾಕು ವರ್ಷದ ಮಕ್ಕಳಿಗೆ ದಿನಕ್ಕ ಒಂದು ತಾಸಿಗಿಂತ ಹೆಚ್ಚು ಪರದೆ ಬ್ಯಾಡ, ಕಡಿಮಿ ಆದಷ್ಟು ಚೊಲೋ ಅಂತ.

ಖರೇ ಹೇಳ್ಬೇಕಂದ್ರ ಮಗನ ಅಂಜಿಕಿ ಸುಳ್ಳಲ್ಲ. ಮುಂದ ಓದು ಬರಹ ಬೇಕು, ಇಂಗ್ಲೀಷೂ ಬೇಕು. ನಾ ಅಕ್ಷರದ ವೈರಿ ಅಲ್ಲ. ಅಕ್ಷರಕ್ಕ ಮೊದಲ ಕಿವಿ ತಯಾರಾಗಬೇಕು ಅಂತೀನಿ. ಚಪಾತಿ ಲಟ್ಟಸುವಾಗ ನಾನೂ ಮೊಮ್ಮಗ ಒಂದು ಆಟ ಆಡ್ತೀವಿ. ರೊಟ್ಟಿಗೆ ಎರಡು ಚಪ್ಪಾಳೆ, ಚ-ಪಾ-ತಿಗೆ ಮೂರು, ಬ-ದ-ನಿ-ಕಾ-ಯಿಗೆ ಐದು. ನಮ್ಮ ಕನ್ನಡದಾಗ ಒಂದೊಂದು ಚಪ್ಪಾಳೆಗೆ ಒಂದೊಂದು ಅಕ್ಷರ. ಪೆನ್ಸಿಲ್ ಹಿಡಿಯೋದಕಿಂತ ಮೊದಲ ಶಬ್ದ ಬಿಡಿಸಿ ಕೇಳೋದು ಅವಗ ಬಂದದ. ಹಾಡು ನಿಂತ ಕೂಡಲೇ ಕಲ್ಲಿನಂಗ ನಿಲ್ಲೋ ಆಟದಾಗ ಸುಮ್ಮನ ಕೂಡೋದನ್ನೂ ಕಲೀತಾನ. ಬೈದ್ರ ಕೂಡದ ಹುಡುಗ! ಸರಕಾರದ 2020ರ ಶಿಕ್ಷಣ ನೀತಿನೂ ಮೂರರಿಂದ ಎಂಟು ವರ್ಷ ಒಂದೇ ಹಂತ, ಆಟದಿಂದ ಕಲಸ್ರಿ ಅಂತದ.

ಹಂಗಂತ ಎಲ್ಲಾ ಬಾಲವಾಡಿನೂ ಚೊಲೋ ಅಂತಲ್ಲ. ಸ್ಪೀಕರ್ ಹಚ್ಚಿ ಬಾಯಿ ಕುರ್ಚಿ ಮ್ಯಾಲೆ ಕೂತರ ಅದು ಪಾಠ ಅಲ್ಲ. ನೋಡ್ಲಿಕ್ಕೆ ಹೋದಾಗ ಇಷ್ಟು ನೋಡ್ರಿ: ಟೀಚರ್ ತಾವೇ ಬಾಯಿಬಿಟ್ಟು ಹಾಡ್ತಾರೇನು? ಮಕ್ಕಳ ಕೈಕಾಲು ಆಡ್ತಾವೇನು? ಒಂದೇ ಹಾಡು ನಾಕು ದಿನಾ ಹೇಳಸ್ತಾರೇನು? ಮನಿ ಮಾತಿನ ಹಾಡು ಅವೇನು? ಹಾಡಿನಾಗ ಮಕ್ಕಳು ತಮ್ಮ ಶಬ್ದ ಸೇರಿಸಿದ್ರ ನಗ್ತಾರೇನು, ಬೈತಾರೇನು? ಇನ್ನೊಂದು ಮಾತು, ಯಾವ ಕೂಸು ಹಾಡಿಗೆ, ಕರಿಯೋದಕ್ಕ ತಿರುಗಿ ನೋಡಂಗಿಲ್ಲ, ಅದನ್ನ “ಮುಂದ ಸರಿ ಹೋಗ್ತದ” ಅಂತ ಬಿಡಬ್ಯಾಡ್ರಿ, ಮೊದಲ ಡಾಕ್ಟರ್ ಹತ್ರ ಕಿವಿ ತೋರಸ್ರಿ.

ಮಗಗ ನಾ ಒಂದೇ ಕೇಳೀನಿ. ಫಾರ್ಮ್ ತುಂಬೋದಕಿಂತ ಮೊದಲ ಒಂದು ದಿನ ರಜಾ ಹಾಕು, ಮುಂಜಾನೆ ಆ ದೊಡ್ಡ ಶಾಲಿ ಎಲ್‌ಕೆಜಿ ವರ್ಗದಾಗ ಒಂದು ತಾಸು ಕೂಡು, ಬಾಲವಾಡಿಯೊಳಗ ಒಂದು ತಾಸು ಕೂಡು. ಆಮ್ಯಾಲೆ ನಿನಗ ಸರಿ ಅನಿಸಿದ್ದು ಮಾಡು, ಕೂಸು ನಿಮ್ಮದು ಅಂತ. ಗುರುವಾರ ಹೋಗ್ತೀನಿ ಅಂದಾನ, ಸೊಸಿನೂ ಹೊಂಟಾಳ. ಏನಾತು ಅಂತ ಮುಂದಿನ ಸಲ ಬರೀತೀನಿ.

ಅಲ್ಲಿತನಕಾ ನಿಮಗೊಂದು ಕೆಲಸ. ನಿಮ್ಮ ಅವ್ವ, ಅತ್ತಿ ಹಾಡ್ತಿದ್ದ ಜೋಗುಳ, ಬೆರಳಾಟದ ಹಾಡು ನೆನಪಿದ್ದಷ್ಟು ಒಂದು ವಹಿಯೊಳಗ ಬರದಿಡ್ರಿ. ಹೆಣ್ಣುಮಕ್ಕಳಿಗೆ, ಸೊಸ್ತ್ಯಾರಿಗೆ ಕಲಸ್ರಿ. ಗಂಡುಮಕ್ಕಳಿಗೂ ಕಲಸ್ರಿ, ಅವರೇನು ಹಾಡಬಾರದು ಅಂತ ಎಲ್ಲೂ ಬರದಿಲ್ಲ.