ತಿಂಗಳ ಸಭೆಯಿಂದ ಫ್ರೀಡಂ ಪಾರ್ಕಿನವರೆಗೆ

ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿ ಸೇವಾವಧಿಯ ಬಹುಭಾಗವನ್ನು ಕಳೆದ ನನಗೆ, ಹಳ್ಳಿಯ ಹೆರಿಗೆಗಳು ಮನೆಯ ನಡುಕೋಣೆಯನ್ನು ಬಿಟ್ಟು ಆಸ್ಪತ್ರೆಯ ಮಂಚಕ್ಕೆ ಬಂದುದನ್ನು ಕಣ್ಣಾರೆ ಕಾಣುವ ಭಾಗ್ಯ ದೊರೆಯಿತು; ಆ ಪರಿವರ್ತನೆಯನ್ನು ಕಾಲ್ನಡಿಗೆಯಿಂದಲೇ ಸಾಧಿಸಿದ ಸ್ತ್ರೀಯರು ತಮ್ಮ ಶ್ರಮದ ಬೆಲೆಯನ್ನು ಕೇಳುವ ಧೈರ್ಯವನ್ನು ಪಡೆದುದನ್ನೂ ಅಷ್ಟೇ ಸಮೀಪದಿಂದ ಕಂಡೆನು. ಮೊದಲನೆಯದನ್ನು ಕುರಿತು ಇಲಾಖೆಯ ವರದಿಗಳು ಧಾರಾಳವಾಗಿ ಹೇಳುತ್ತವೆ. ಎರಡನೆಯದನ್ನು ಬರೆದಿಡುವವರು ವಿರಳ.

2005ನೆಯ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದಾಗ, ಸುಮಾರು 1000 ಜನಸಂಖ್ಯೆಗೆ ಒಬ್ಬಳಂತೆ, ಅದೇ ಊರಿನ ಸೊಸೆಯನ್ನೋ ವಿಧವೆಯನ್ನೋ ಪರಿತ್ಯಕ್ತೆಯನ್ನೋ ಆರಿಸಿ, ಆಶಾ ಎಂಬ ಹೆಸರಿನಿಂದ ಆರೋಗ್ಯ ಕಾರ್ಯಕ್ಕೆ ನಿಯೋಜಿಸಬೇಕೆಂದು ನಿಯಮವಾಯಿತು. ಕೆಲವು ವರ್ಷಗಳ ತರುವಾಯ ನಮ್ಮ ಕೇಂದ್ರಕ್ಕೂ ಅವರು ಬಂದರು. ದಿನಕ್ಕೆ ಎರಡು ಮೂರು ಗಂಟೆ, ಅದೂ ವಾರಕ್ಕೆ ನಾಲ್ಕು ದಿನ ದುಡಿದರೆ ಸಾಕೆಂಬುದು ಯೋಜನೆಯನ್ನು ರೂಪಿಸಿದವರ ಎಣಿಕೆಯಾಗಿದ್ದಿತು. ಆದಕಾರಣ ಸಂಬಳವೆಂಬುದಿಲ್ಲ, ಮಾಡಿದ ಒಂದೊಂದು ಕೆಲಸಕ್ಕೆ ಒಂದಿಷ್ಟು ಪ್ರೋತ್ಸಾಹಧನ. ಆದರೆ ಹೆರಿಗೆನೋವು ಗಂಟೆ ನೋಡಿಕೊಂಡು ಬರತಕ್ಕದ್ದಲ್ಲ. ನಡುರಾತ್ರಿಯಲ್ಲಿ ಗರ್ಭಿಣಿಯೊಡನೆ ವಾಹನವನ್ನೇರಿ ಬಂದು, ಹೆರಿಗೆಯಾಗುವವರೆಗೆ ಆಸ್ಪತ್ರೆಯ ಜಗಲಿಯ ಮೇಲೆ ಕಾದಿದ್ದು, ಬೆಳಗ್ಗೆ ಊರಿಗೆ ಮರಳಿ ಪೋಲಿಯೋ ಹನಿಯ ಪೆಟ್ಟಿಗೆಯನ್ನು ಹೊತ್ತು ಮನೆಮನೆ ತಿರುಗುತ್ತಿದ್ದವರನ್ನು ನಾನು ಕಂಡಿದ್ದೇನೆ.

ಬಾಣಂತಿಯ ಆರೈಕೆಯ ಲೆಕ್ಕವನ್ನೇ ನೋಡಬಹುದು. ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದವಳನ್ನು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಕಂಡು, ಕೂಸನ್ನು ತೂಗಿ, ಮೈ ಬಿಸಿಯನ್ನು ಪರೀಕ್ಷಿಸಿ, ಹಾಲೂಡಿಸುವ ಕ್ರಮವನ್ನು ತಿಳಿಸಿ, ನಮೂನೆಯನ್ನು ತುಂಬಿ ಸಹಿ ಹಾಕಿಸಿಕೊಂಡು ಬಂದರೆ, ಆರು ಭೇಟಿಗಳಿಗೂ ಸೇರಿ ₹250. ನಮ್ಮ ಸೀಮೆಯಲ್ಲಿ ಚೊಚ್ಚಲ ಬಸುರಿಯು ತವರಿಗೆ ಹೋಗುವುದು ತಲೆಮಾರುಗಳ ಪದ್ಧತಿ. ಏಳು ತಿಂಗಳು ಗಂಡನ ಊರಿನ ಆಶಾಳು ಅವಳನ್ನು ನೋಡಿಕೊಂಡಿದ್ದರೂ ಹೆರಿಗೆ ಮತ್ತೊಂದು ಊರಿನಲ್ಲಿ ಆಗುತ್ತಿತ್ತು. ಇವಳ ಲೆಕ್ಕ ಅಲ್ಲಿಗೆ ಕಡಿದುಹೋಗುತ್ತಿತ್ತು. ನಮ್ಮ ಜನರ ಬಾಳುವೆಯನ್ನರಿಯದ ಕೈಗಳು ಆ ದರಪಟ್ಟಿಯನ್ನು ಬರೆದಿದ್ದವೆಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಆರಂಭದ ವರ್ಷಗಳ ತಿಂಗಳ ಸಭೆಯಲ್ಲಿ ಅವರು ಗೋಡೆಯ ಮಗ್ಗುಲಿಗೆ ಚಾಪೆಯ ಮೇಲೆ ಕುಳಿತು, ಮೇಲಿನವರು ಓದಿದ ಗುರಿಗಳನ್ನು ಮೌನವಾಗಿ ಆಲಿಸಿ, ಹಣ ಬಂದಿಲ್ಲವೆಂಬ ಮಾತನ್ನು ಹೊರಗೆ ಹುಣಿಸೆಮರದಡಿ ತಮ್ಮತಮ್ಮೊಳಗೆ ಆಡಿಕೊಳ್ಳುತ್ತಿದ್ದರು. ಎಐಯುಟಿಯುಸಿ ಎಂಬ ಕಾರ್ಮಿಕ ಸಂಘಟನೆಗೆ ಸೇರಿದ ಕರ್ನಾಟಕ ರಾಜ್ಯ ಸಂಯುಕ್ತ ಆಶಾ ಕಾರ್ಯಕರ್ತೆಯರ ಸಂಘವು ತಾಲೂಕುಗಳಲ್ಲಿ ಕಾಲೂರಿದ ಬಳಿಕ, ನಾನು ಕಂಡ ಮೊದಲ ಬದಲಾವಣೆ ಘೋಷಣೆಯಲ್ಲ, ಒಂದು ನೋಟ್‌ಬುಕ್ಕು. ಯಾವ ದಿನ ಯಾರ ಮನೆ, ಯಾವ ಕೆಲಸ, ಬರಬೇಕಾದುದೆಷ್ಟು, ಬಂದುದೆಷ್ಟು ಎಂಬುದನ್ನು ಎಂಟನೆಯ ತರಗತಿಯವರೆಗೆ ಓದಿದವಳೂ ತನ್ನ ಕೈಬರಹದಲ್ಲಿ ಬರೆದಿಡತೊಡಗಿದಳು. ಆಶಾ ನಿಧಿ ಎಂಬ ಹೆಸರಿನಲ್ಲಿ ಪಾವತಿಯನ್ನು ಕಂಪ್ಯೂಟರಿನ ಪೋರ್ಟಲ್ಲಿಗೆ ಜೋಡಿಸಿದಾಗ, ಅಲ್ಲಿ ನಮೂದಾಗದ ಕೆಲಸಕ್ಕೆ ಹಣವೇ ಇಲ್ಲದಂತಾಗಲು, ವಾದಿಸುವುದಕ್ಕೆ ಅವರ ಕೈಯಲ್ಲಿ ಆ ಪುಸ್ತಕವೊಂದೇ ಆಧಾರವಾಯಿತು. ಸಂಘ ಸೇರಿದರೆ ಕೆಲಸದಿಂದ ತೆಗೆಯುವೆವೆಂದು ಗದರಿಸಿದವರೂ ಇದ್ದರು. ಆದರೂ ಸಭೆಯಲ್ಲಿ ಒಬ್ಬಳು ಎದ್ದು ನಿಂತು ತನ್ನ ಪುಟಗಳನ್ನು ಓದಿದ ದಿನ, ವೈದ್ಯಾಧಿಕಾರಿಗಳು ಗುಮಾಸ್ತರನ್ನು ಕರೆಯಿಸಿ ಕಡತವನ್ನು ತರಿಸಿದುದನ್ನು ನಾನು ನೋಡಿದೆ.

ಕಾನೂನಿನ ತೊಡಕು ಬೇರೆಯೇ ಇದ್ದಿತು. 1926ರ ಕಾರ್ಮಿಕ ಸಂಘಗಳ ಶಾಸನದಡಿಯಲ್ಲಿ ಏಳು ಮಂದಿ ಕೂಡಿ ಸಂಘದ ನೋಂದಣಿಗೆ ಅರ್ಜಿ ಹಾಕಬಹುದಾಗಿದ್ದಿತು. ಆದರೆ ಆಶಾಳಿಗೆ ಮಾಲೀಕರು ಯಾರು? ನಮ್ಮ ರಾಜ್ಯದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ, ಇವರಂತೆಯೇ ಸರ್ಕಾರದ ಯೋಜನೆಯೊಂದರಲ್ಲಿ ದುಡಿಯುವ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿಯೇ ತೀರ್ಪಿತ್ತಿದ್ದಿತು. 2013ರಲ್ಲಿ ಸೇರಿದ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇಂತಹ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಮನ್ನಿಸಿ, ಕನಿಷ್ಠ ವೇತನವನ್ನೂ ಸಾಮಾಜಿಕ ಭದ್ರತೆಯನ್ನೂ ಕೊಡತಕ್ಕದ್ದೆಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿ ಉಳಿಯಿತು.

ಅನಂತರ ಬಂದುದು ಕೊರೋನಾ. ಮುಖಗವಸು ಸಾಲದಿದ್ದ ದಿನಗಳಲ್ಲಿ, ಪರವೂರಿನಿಂದ ಬಂದವರ ಪಟ್ಟಿ ಹಿಡಿದು ಬಾಗಿಲು ಬಾಗಿಲಿಗೂ ಹೋದವರು ಇವರೇ. ಕೆಲವೆಡೆ ಬೈಗುಳವನ್ನೂ ಹೊಡೆತವನ್ನೂ ಉಂಡವರು ಇವರೇ. 2020ರ ಜುಲೈ 10ರಿಂದ ರಾಜ್ಯದ ಆಶಾಗಳು ತಿಂಗಳಿಗೆ ₹12,000 ನಿಶ್ಚಿತ ಗೌರವಧನವನ್ನು ಕೇಳಿ ಕೆಲಸ ನಿಲ್ಲಿಸಿದಾಗ, ಸಂಕಟಕಾಲದಲ್ಲಿ ಮುಷ್ಕರವೇ ಎಂದು ಕೇಳಿದ ವಿದ್ಯಾವಂತರು ಬಹಳ ಮಂದಿ. ಸಂಕಟವಿಲ್ಲದ ಕಾಲದಲ್ಲಿ ಅವರ ಮಾತನ್ನು ಆಲಿಸಿದವರು ಎಷ್ಟು ಮಂದಿಯೆಂದು ನಾನು ತಿರುಗಿ ಕೇಳಿದ್ದುಂಟು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾಗಳೆಲ್ಲರನ್ನೂ ಪುರಸ್ಕರಿಸಿತು. ಆ ಗೌರವಕ್ಕೆ ಅವರು ಸರ್ವಥಾ ಅರ್ಹರು.

ನಿವೃತ್ತಿಯ ನಂತರ, 2025ರ ಜನವರಿಯಲ್ಲಿ, ಬೆಂಗಳೂರಿನ ಫ್ರೀಡಂ ಪಾರ್ಕಿಗೆ ನಾನೂ ಹೋದೆನು. ಹಿಂದೆ ಕೇಂದ್ರ ಕಾರಾಗೃಹವಿದ್ದ ಆ ಸ್ಥಳದಲ್ಲಿ 7ನೆಯ ತಾರೀಖಿನಿಂದ ಅಹೋರಾತ್ರಿ ಧರಣಿ ನಡೆದಿತ್ತು. ಗುಲಾಬಿ ಸೀರೆಯ ಸಹಸ್ರಾರು ಸ್ತ್ರೀಯರು ಪುಷ್ಯಮಾಸದ ಚಳಿಯಲ್ಲಿ ಹೊದಿಕೆ ಹಾಸಿಕೊಂಡು, ಬೀದರಿನವಳ ಮಗ್ಗುಲಲ್ಲಿ ಚಾಮರಾಜನಗರದವಳು ಮಲಗಿ, ಒಬ್ಬರ ಬುತ್ತಿಯನ್ನೊಬ್ಬರು ಹಂಚಿಕೊಳ್ಳುತ್ತಿದ್ದರು. ನಮ್ಮ ಕೇಂದ್ರದ ಚಾಪೆಯ ಮೇಲೆ ತಲೆತಗ್ಗಿಸಿ ಕುಳಿತಿರುತ್ತಿದ್ದ ಒಬ್ಬಳು ಅಲ್ಲಿ ಧ್ವನಿವರ್ಧಕದ ಮುಂದೆ ನಿಂತು ಅಂಕಿಅಂಶಗಳನ್ನು ತಡವರಿಸದೆ ಹೇಳಿದಳು. 10ರಂದು, ರಾಜ್ಯದ ಗೌರವಧನವೂ ಕೇಂದ್ರದ ಪ್ರೋತ್ಸಾಹಧನವೂ ಸೇರಿ ತಿಂಗಳಿಗೆ ಕನಿಷ್ಠ ₹10,000 ಏಪ್ರಿಲಿನಿಂದ ದೊರೆಯುವುದೆಂದು ಮುಖ್ಯಮಂತ್ರಿಗಳು ಭರವಸೆಯಿತ್ತರು, ಧರಣಿ ಮುಗಿಯಿತು. ಆ ಭರವಸೆಯನ್ನು ನೆರವೇರಿಸಿರೆಂದು ಅದೇ ವರ್ಷದ ಆಗಸ್ಟಿನಲ್ಲಿ ಅವರು ಪುನಃ ಬೀದಿಗಿಳಿಯಬೇಕಾಯಿತು.

ಈ ಲೇಖನವನ್ನು ಓದುವ ಮಹನೀಯರಲ್ಲಿ ನನ್ನದೊಂದು ಬಿನ್ನಹ: ನಿಮ್ಮ ಬೀದಿಗೆ ಆಶಾ ಬಂದಾಗ ಕೂರಲು ಹೇಳಿ, ಹೋದ ತಿಂಗಳು ಅವಳ ಕೈಸೇರಿದ ಹಣವೆಷ್ಟೆಂದು ಕೇಳಿರಿ, ಕೇಳಿದುದನ್ನು ನಿಮ್ಮ ಶಾಸಕರಿಗೆ ಒಂದು ಕಾಗದದಲ್ಲಿ ಬರೆದು ತಿಳಿಸಿರಿ.