ಮೈಗಿಂತ ಹತ್ತಂಗುಲ ದೊಡ್ಡದು

ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಸಡಿಲವಾದ ಸ್ವೆಟರೆಂಬುದು ಬಹುಕಾಲ ಸೊಗಸಿನ ವಿಷಯವಾಗಿರಲಿಲ್ಲ; ಮಿತವ್ಯಯದ ವಿಷಯವಾಗಿತ್ತು. ಆರು ವರ್ಷದ ಹುಡುಗನಿಗೆ ಎಂಟು ವರ್ಷದವನ ಅಳತೆಯಲ್ಲಿ ಹೆಣೆದು, ತೋಳನ್ನು ಎರಡು ಮಡಿಕೆ ಮಡಿಸಿ ತೊಡಿಸಿ, ಅವನು ಬೆಳೆದಂತೆಲ್ಲ ಮಡಿಕೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಸ್ವೆಟರು ಅವನ ಮೈಗೆ ಒಪ್ಪುವ ಕಾಲ ಬರುವ ಹೊತ್ತಿಗೆ ಮೊಣಕೈ ತೂತಾಗಿರುತ್ತಿತ್ತು. ಅಷ್ಟರಲ್ಲಿ ಅದು ತಮ್ಮನ ಪಾಲಾಗಿ, ಮಡಿಕೆಗಳು ಮತ್ತೆ ಮೊದಲಾಗುತ್ತಿದ್ದವು. ಯಜಮಾನರಿಗೆ ಮಾತ್ರ ಅಳತೆಗೆ ಸರಿಯಾದ ಸ್ವೆಟರು, ಏಕೆಂದರೆ ಅವರು ಅದನ್ನು ತೊಟ್ಟು ಕಚೇರಿಗೆ ಹೋಗಬೇಕು. ಹೆಣೆದವಳಿಗೆ? ಯಜಮಾನರ ಸ್ವೆಟರು ಬಣ್ಣಗೆಟ್ಟು ಕಚೇರಿಯ ಯೋಗ್ಯತೆಯನ್ನು ಕಳೆದುಕೊಂಡ ದಿನ ಆಕೆಗೂ ಒಂದು ಸ್ವೆಟರು ಪ್ರಾಪ್ತವಾಗುತ್ತಿತ್ತು.

ಬೆಂಗಳೂರಿನದೂ ಒಂದು ಚಳಿಯೇ ಎಂದು ಉತ್ತರದವರು ನಗಬಹುದು. 1884ರ ಜನವರಿಯಲ್ಲೊಮ್ಮೆ ಇಲ್ಲಿಯ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದದ್ದುಂಟು. ಈಗಿನ ಮಾಗಿಯ ಮುಂಜಾನೆಗಳು ಅಷ್ಟು ಕಠಿನವಲ್ಲ. ಆದರೂ ಐದೂವರೆಗೆ ಎದ್ದು, ತಣ್ಣೀರು ಮುಟ್ಟಿ, ಹೊಸಿಲಿನ ಮುಂದೆ ರಂಗೋಲಿ ಇಡುವವರ ಚಳಿಯನ್ನು ಎಂಟು ಗಂಟೆಗೆ ಕಾಫಿಯ ಲೋಟ ಹಿಡಿದು ಹೊರಬರುವವರು ಅಳೆಯಲಾರರು.

ಸ್ವೆಟರಿನ ಚರಿತ್ರೆಯಲ್ಲಿಯೂ ಸಡಿಲವು ತಡವಾಗಿ ಬಂದ ಅತಿಥಿಯೇ. ಇಂಗ್ಲೆಂಡಿನ ಕಡಲತೀರದ ಬೆಸ್ತರು ತೊಡುತ್ತಿದ್ದ ಉಣ್ಣೆಯಂಗಿ ಮೈಗೆ ಅಂಟಿದಂತೆ ಬಿಗಿಯಾಗಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೋಣಿಯ ಪಂದ್ಯದ ತರುಣರು ಬೆವರಿಳಿಸಿಕೊಳ್ಳಲೆಂದು ತೊಟ್ಟ ದಪ್ಪ ಉಡುಪಿಗೆ, ಬೆವರಿಸುವುದೆಂಬ ಅರ್ಥದಲ್ಲಿಯೇ, ಸ್ವೆಟರೆಂಬ ಹೆಸರು ಬಂದಿತು. 1940ರ ದಶಕದಲ್ಲಿ ಅಮೆರಿಕದ ಕಾಲೇಜು ಹುಡುಗಿಯರು ಜೋಲು ಜೋಲಾದ ದೊಡ್ಡ ಸ್ವೆಟರನ್ನು ಬೇಕೆಂದೇ ತೊಡತೊಡಗಿದರು. ‘ಸ್ಲಾಪಿ ಜೋ’ ಎಂದು ಅದಕ್ಕೆ ಹೆಸರು. 1980ರ ದಶಕದಲ್ಲಿ ಆ ವಿಲಾಸ ಮರಳಿ ಬಂದಿತ್ತು, ಈಗ ಮತ್ತೊಮ್ಮೆ ಬಂದಿದೆ. ಅಂದರೆ ಬಸವನಗುಡಿಯ ಗೃಹಿಣಿ ವಿಧಿಯಿಲ್ಲದೆ ತೊಟ್ಟುದನ್ನೇ ಅಮೆರಿಕದ ಹುಡುಗಿ ಆರಿಸಿಕೊಂಡು ತೊಟ್ಟಳು. ನೋಡುವವರ ಕಣ್ಣಿಗೆ ಎರಡೂ ಸಡಿಲವೇ. ಆದರೆ ಒಂದು ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ.

ಬಸವನಗುಡಿಯ ಅಂತಹ ಒಬ್ಬ ಗೃಹಿಣಿಗೆ ಈಗ ಅರವತ್ತೆಂಟು. ನಲವತ್ತು ವರ್ಷ ಮನೆಮಂದಿಗೆಲ್ಲ ಹೆಣೆದವರು. ಅವರ ಕಪಾಟಿನಲ್ಲಿ ಉದ್ದನೆಯದೊಂದು ನೋಟುಪುಸ್ತಕವಿದೆ. ಅದರಲ್ಲಿ ಎಲ್ಲರ ಅಳತೆಯೂ ಇಸವಿಯೊಡನೆ ದಾಖಲಾಗಿದೆ. ‘1984, ದೊಡ್ಡವನು, ಎದೆ 26, ತೋಳು 13’ ಎಂಬಲ್ಲಿಂದ ಆರಂಭಿಸಿ ಪುಟ ತಿರುವಿದರೆ, ಮಕ್ಕಳು ಅಂಗುಲ ಅಂಗುಲವಾಗಿ ಬೆಳೆದದ್ದನ್ನು ಓದಬಹುದು. ‘ಇವರು’ ಎಂಬ ಶಿರೋನಾಮೆಯ ಕೆಳಗೆ ಯಜಮಾನರ ಎದೆ 36ರಿಂದ 41ಕ್ಕೆ ಏರಿದ ಕಥೆಯೂ ಇದೆ. ಇಲ್ಲದಿರುವುದು ಒಬ್ಬರ ಅಳತೆ ಮಾತ್ರ. ರವಿಕೆ ಹೊಲಿಸುವಾಗಲೂ ಆಕೆ ದರ್ಜಿಯ ಟೇಪಿನ ಮುಂದೆ ನಿಂತು ದಶಕಗಳೇ ಆಗಿದ್ದವು. ಅಳತೆಯ ರವಿಕೆಯೊಂದನ್ನು ಚೀಲದಲ್ಲಿ ಹಾಕಿ ಕಳಿಸುವುದು, ‘ಇದಕ್ಕಿಂತ ಸ್ವಲ್ಪ ಸಡಿಲ ಮಾಡಬೇಕಂತೆ’ ಎಂದು ಹೇಳಿಸುವುದು; ಹೊಸದು ಬಂದ ಮೇಲೆ ಮುಂದಿನ ಸಲಕ್ಕೆ ಅದೇ ಅಳತೆಯ ರವಿಕೆ. ಹೀಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಗೊಳ್ಳುತ್ತ ಬಂದದ್ದು ಒಟ್ಟು ಎಷ್ಟಾಯಿತೆಂಬುದನ್ನು ಅಂಕಿಯಲ್ಲಿ ತಿಳಿಯುವ ಅಗತ್ಯ ಬೀಳುತ್ತಿರಲಿಲ್ಲ. ಅನೇಕ ಮನೆಗಳಲ್ಲಿ ನಡೆಯುವ ಉಪಾಯವೇ ಇದು, ನಿರಪಾಯಕರವಾದದ್ದು ಕೂಡ, ಸ್ವೆಟರಿನ ಪ್ರಶ್ನೆ ಬರುವವರೆಗೆ.

ಆ ಪ್ರಶ್ನೆಯನ್ನು ತಂದವಳು ಕಾಲೇಜಿಗೆ ಹೋಗುವ ಮೊಮ್ಮಗಳು. ಅಜ್ಜಿಯ ಮೈಮೇಲಿದ್ದ ತಾತನ ಹಳೆಯ ಸ್ವೆಟರನ್ನು ಕಂಡು, ಫೋನಿನಲ್ಲಿ ಒಂದು ಚಿತ್ರ ತೋರಿಸಿ, ‘ಅಜ್ಜಿ, ಈಗ ಹೀಗೇ ದೊಡ್ಡದು ಹಾಕೋದು. ನೀವೇ ಒಂದು ಹಾಕಿಕೊಳ್ಳಿ, ನಿಮಗೇಂತ’ ಎಂದಳು. ಮಕ್ಕಳಿಗೆ ಈಗ ಮನೆಯ ಸ್ವೆಟರು ಬೇಕಿಲ್ಲ. ಚಳಿಗಾಲ ಬಂತೆಂದರೆ, ಕರ್ನಾಟಕದಲ್ಲಿ ನೆಲೆಸಿದ ಟಿಬೆಟಿನ ಜನ ಲೂಧಿಯಾನದಿಂದ ತರಿಸಿದ ಸ್ವೆಟರುಗಳನ್ನು ಬೀದಿಯಂಚಿನಲ್ಲಿ ಹರಡುತ್ತಾರೆ. ಉಣ್ಣೆಗೆ ಕೊಡುವ ದುಡ್ಡಿಗೆ ಅಲ್ಲಿ ಸಿದ್ಧ ಸ್ವೆಟರೇ ಬರುತ್ತದೆ. ಕೈ ಸುಮ್ಮನಿರಲಾರದ ಆಕೆಗೆ ಮಾತು ಹಿಡಿಸಿತು.

ಮೊದಲ ಪ್ರಯತ್ನಕ್ಕೆ ಆಕೆ ಅನುಸರಿಸಿದ್ದು ಹಳೆಯ ಶಾಸ್ತ್ರವನ್ನೇ. ಟೇಪು ಮುಟ್ಟಲಿಲ್ಲ. ಯಜಮಾನರ ಸ್ವೆಟರನ್ನು ಮಂಚದ ಮೇಲೆ ಹರಡಿ, ಅದಕ್ಕಿಂತ ಎಲ್ಲ ಕಡೆಗೂ ಎರಡೆರಡು ಅಂಗುಲ ಹೆಚ್ಚಿಗೆ ಹಿಡಿದರು: ಎದೆಗೂ ಹೆಚ್ಚು, ಭುಜಕ್ಕೂ ಹೆಚ್ಚು, ಕುತ್ತಿಗೆಗೂ ಹೆಚ್ಚು, ತೋಳಿಗೂ ಹೆಚ್ಚು. ದೊಡ್ಡದು ಎಂದರೆ ಎಲ್ಲವೂ ದೊಡ್ಡದು ತಾನೆ? ಎರಡು ತಿಂಗಳಾಯಿತು. ತೊಟ್ಟು ನಿಂತಾಗ ಕುತ್ತಿಗೆ ಒಂದು ಭುಜದಿಂದ ಜಾರಿತು, ಕೈಬೆರಳು ತೋಳಿನೊಳಗೆ ಕಣ್ಮರೆಯಾಯಿತು, ಅಂಚು ಸರಿಯಾಗಿ ಸೊಂಟದ ಅತ್ಯಂತ ಅಗಲವಾದ ಭಾಗಕ್ಕೆ ಬಂದು ಕುಳಿತಿತು. ಯಜಮಾನರು ದಿನಪತ್ರಿಕೆಯಿಂದ ತಲೆಯೆತ್ತಿ, ವಿವೇಕಿಗಳಾದ್ದರಿಂದ, ಮತ್ತೆ ತಗ್ಗಿಸಿದರು. ಮೊಮ್ಮಗಳಿಗೆ ಅಷ್ಟು ವಿವೇಕವಿರಲಿಲ್ಲ. ‘ಅಜ್ಜಿ, ಗೋಣಿಚೀಲ!’ ಎಂದುಬಿಟ್ಟಳು.

ಮೈಯನ್ನು ಮರೆಮಾಡಲು ಹೊರಟ ಸ್ವೆಟರು ಮೈಯನ್ನು ಇಮ್ಮಡಿ ಮಾಡಿ ತೋರಿಸುವುದು ಹೀಗೆ. ಇದರ ಕಾರಣ ಗುಟ್ಟೇನಲ್ಲ. ಮನುಷ್ಯನ ಕುತ್ತಿಗೆ, ಭುಜ, ಮಣಿಕಟ್ಟು ಇವು ಎಲುಬಿನ ಸ್ಥಾನಗಳು. ಬಟ್ಟೆ ಅಲ್ಲಿ ನಿಂತು ಅಲ್ಲಿಂದ ಇಳಿಯುತ್ತದೆ. ನಿಲ್ಲುವ ಜಾಗ ಸರಿಯಾಗಿದ್ದರೆ ಇಳಿಯುವ ಭಾಗ ಎಷ್ಟು ವಿಶಾಲವಾದರೂ ಅದು ಬೇಕೆಂದು ಮಾಡಿದ್ದೆಂದು ಕಾಣುತ್ತದೆ. ನಿಲ್ಲುವ ಜಾಗವೂ ಜಾರಿದರೆ ಯಾರದೋ ಉಡುಪನ್ನು ಎರವಲು ತೊಟ್ಟಂತೆ ಕಾಣುತ್ತದೆ. ಸಡಿಲವನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂಬುದಷ್ಟೇ ವಿಷಯ. ಮತ್ತು ಅದಕ್ಕೆ ಮೈಯ ನಿಜವಾದ ಅಳತೆ ಬೇಕು. ಬಿಗಿಯಾದ ಸ್ವೆಟರು ಹಿಗ್ಗಿ ತಪ್ಪನ್ನು ಮನ್ನಿಸುತ್ತದೆ. ದೊಡ್ಡ ಸ್ವೆಟರಿಗೆ ಆ ಔದಾರ್ಯವಿಲ್ಲ.

ಹೆಣಿಗೆಯ ಲೋಕದಲ್ಲಿ ಪ್ರಸಿದ್ಧವಾದದ್ದೊಂದು ಸೂತ್ರವಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಎಂಬಾಕೆ ರೂಢಿಗೆ ತಂದದ್ದು. ಸ್ವೆಟರಿನ ಎದೆಯ ಸುತ್ತಳತೆಯನ್ನು ನೂರೆಂದು ಹಿಡಿದರೆ, ಮಣಿಕಟ್ಟು ಅದರ ಶೇಕಡಾ 20, ತೋಳಿನ ಮೇಲ್ಭಾಗ ಸುಮಾರು ಶೇಕಡಾ 33, ಕುತ್ತಿಗೆ ಶೇಕಡಾ 40. ಮೈಗೆ ತಕ್ಕಮಟ್ಟಿಗೆ ಹೊಂದುವ ಸ್ವೆಟರಿಗೆ ಇದು ಅದ್ಭುತವಾದ ಲೆಕ್ಕ. ಆದರೆ ಸುತ್ತಳತೆಯನ್ನು 50 ಅಂಗುಲಕ್ಕೆ ಏರಿಸಿ ಇದನ್ನೇ ಕಣ್ಣುಮುಚ್ಚಿ ಅನುಸರಿಸಿದರೆ ಮಣಿಕಟ್ಟು 10 ಅಂಗುಲವಾಗುತ್ತದೆ. ಅಡುಗೆಮನೆಯಲ್ಲಿ ಆ ತೋಳು ಮೊದಲು ಮುಳುಗುವುದು ಹುಳಿಯ ಪಾತ್ರೆಯಲ್ಲಿ. ಮೈ ಹತ್ತಂಗುಲ ಸಡಿಲವಾಯಿತೆಂದು ಮಣಿಕಟ್ಟಿನ ಎಲುಬು ದಪ್ಪವಾಗುವುದಿಲ್ಲವಷ್ಟೆ.

ಗೋಣಿಚೀಲವನ್ನು ಬಿಚ್ಚಲಾಯಿತು. ಎರಡು ತಿಂಗಳ ಕೆಲಸ ಎರಡು ಗಂಟೆಯಲ್ಲಿ ನೂಲಾಗುವುದನ್ನು ನೋಡುವುದಕ್ಕೆ ಒಂದು ಬಗೆಯ ಧೈರ್ಯ ಬೇಕು. ಯಜಮಾನರು ಎರಡು ಕೈಗಳನ್ನೂ ಮುಂದೆ ಚಾಚಿ ಕುಳಿತರು, ಉಣ್ಣೆ ಅವರ ಕೈಗಳ ಸುತ್ತ ಲಡಿಯಾಯಿತು. ಗುಂಗುರು ಗುಂಗುರಾಗಿದ್ದ ಆ ಲಡಿಗಳನ್ನು ನಾಲ್ಕು ಕಡೆ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಕೆಳಗೆ ಭಾರ ಕಟ್ಟಿ ನೆರಳಿನಲ್ಲಿ ತೂಗುಹಾಕಿದರೆ ನೂಲು ನೆಟ್ಟಗಾಗುತ್ತದೆ. ಉಣ್ಣೆಯ ದೊಡ್ಡ ಗುಣವೇ ಇದು.

ಭಾನುವಾರ ಮೊಮ್ಮಗಳು ಟೇಪು ಹಿಡಿದಳು. ಅಜ್ಜಿ ಬಾಗಿಲು ಹಾಕಿಸಿದರು. ಸೀರೆಯ ಮೇಲೆ ತೊಡುವ ಸ್ವೆಟರನ್ನು ಸೀರೆಯ ಮೇಲೆಯೇ ಅಳೆಯಬೇಕೆಂಬುದು ಆಗ ಗೊತ್ತಾಯಿತು. ಎಡಭುಜದ ಮೇಲೆ ಸೆರಗಿನ ನೆರಿಗೆಗಳಿವೆ, ಹೊಟ್ಟೆಯ ಮೇಲೆ ಸಿಕ್ಕಿಸಿದ ನೆರಿಗೆಗಳಿವೆ, ಪರದೇಶದ ಮಾದರಿಗಳಿಗೆ ಇವೆರಡರ ಪರಿಚಯವೂ ಇಲ್ಲ. ತಲೆಯ ಮೇಲಿಂದ ತೊಡುವ ಬಗೆಯೂ ಸಲ್ಲದು, ಮುಡಿದ ಹೂವಿನ ಗತಿಯೇನು? ಮುಂದೆ ತೆರೆದು ಗುಂಡಿ ಹಾಕುವಂಥದೇ ಆಗಬೇಕು. ಕುತ್ತಿಗೆ ಎದೆಯವರೆಗೆ ಚೂಪಾಗಿ ಇಳಿದರೆ ಸೆರಗಿನ ಅಂಚೂ ಕಾಣುತ್ತದೆ, ನೋಡುವ ಕಣ್ಣು ಅಡ್ಡಕ್ಕೆ ಹೋಗದೆ ಉದ್ದಕ್ಕೆ ಇಳಿಯುತ್ತದೆ.

‘ಎದೆ ನಲವತ್ತು’ ಎಂದಳು ಹುಡುಗಿ. ಅಜ್ಜಿ ಏನೂ ಹೇಳಲಿಲ್ಲ. ನಲವತ್ತು ಎಂಬ ಅಂಕಿ ಯಜಮಾನರ ಪುಟದಲ್ಲಿದ್ದಾಗ ಅದನ್ನು ಬರೆದ ಕೈ ಅಳುಕಿರಲಿಲ್ಲ. ನೋಟುಪುಸ್ತಕದ ಹೊಸ ಪುಟ ತೆರೆದು ಮೊಮ್ಮಗಳು ಕೇಳಿದಳು: ‘ಮೇಲೆ ಏನಂತ ಬರೀಲಿ? ಅಜ್ಜಿ ಅಂತಲೇ?’

‘ನಾನು ಅಂತ ಬರಿ’ ಎಂದರು ಆಕೆ.

ಬಳಿಕ ಲೆಕ್ಕ. 40ಕ್ಕೆ 10 ಸೇರಿಸಿ 50. ಐದಂಗುಲದ ಚೌಕವೊಂದನ್ನು ಹೆಣೆದು, ತೊಳೆದು, ಒಣಗಿಸಿ ಎಣಿಸಿದಾಗ ಅಂಗುಲಕ್ಕೆ 5 ಕುಣಿಕೆ ಬಂದವು. ಅಂದರೆ ಒಟ್ಟು 250, ಬೆನ್ನಿಗೆ 125. ಅನುಭವಸ್ಥರು ಈ ಚೌಕದ ಕೆಲಸವನ್ನು ಅನಾದರ ಮಾಡುವುದುಂಟು. ಆದರೆ ಕೈ ತುಸು ಸಡಿಲಾಗಿ ಅಂಗುಲಕ್ಕೆ ನಾಲ್ಕೂವರೆ ಕುಣಿಕೆಯೇ ಬಿದ್ದರೆ, ಅದೇ 250 ಕುಣಿಕೆ 55 ಅಂಗುಲವನ್ನು ದಾಟುತ್ತದೆ. ಮಗುವಿನ ಟೊಪ್ಪಿಗೆಯಲ್ಲಿ ಕಾಣದೆ ಹೋಗುವ ಅರ್ಧ ಕುಣಿಕೆ ಇಲ್ಲಿ ಐದಂಗುಲವಾಗಿ ಬೆಳೆದು ನಿಲ್ಲುತ್ತದೆ.

ತೋಳಿನದೇ ಎಲ್ಲಕ್ಕಿಂತ ಸೂಕ್ಷ್ಮ. ದೊಡ್ಡ ಸ್ವೆಟರಿನಲ್ಲಿ ತೋಳು ಭುಜದ ತುದಿಯಿಂದ ಹೊರಡುವುದಿಲ್ಲ. ಬೆನ್ನಿನ ಭಾಗವೇ ಭುಜವನ್ನು ದಾಟಿ ರಟ್ಟೆಯ ಮೇಲೆ ಇಳಿದಿರುತ್ತದೆ. ಆದ್ದರಿಂದ ಕತ್ತಿನ ಹಿಂಭಾಗದ ನಡುವಿನಿಂದ ಮಣಿಕಟ್ಟಿನವರೆಗೆ ಅಳೆದು, ಬೆನ್ನಿನ ಅಗಲದ ಅರ್ಧವನ್ನು ಅದರಿಂದ ಕಳೆಯಬೇಕು. ಆಕೆಯದು 27 ಅಂಗುಲ. ಬೆನ್ನು 25, ಅದರ ಅರ್ಧ ಹನ್ನೆರಡೂವರೆ. ಉಳಿದ ಹದಿನಾಲ್ಕೂವರೆಯೇ ತೋಳಿನ ಉದ್ದ. ‘ಇಷ್ಟು ಗಿಡ್ಡವೇ?’ ಎಂದು ಆಕೆಗೆ ನಂಬಿಕೆಯಾಗಲಿಲ್ಲ. ಲೆಕ್ಕದ ಇಲಾಖೆಯಲ್ಲಿ ನಿವೃತ್ತರಾದ ಯಜಮಾನರು ಕಾಗದದ ಮೇಲೆ ಎರಡು ಸಲ ಕೂಡಿ ಕಳೆದು ಖಾತ್ರಿ ಮಾಡಿದರು. ಮಣಿಕಟ್ಟು ಏಳೂವರೆ, ಒಂದು ಸೀದಾ, ಒಂದು ಉಲ್ಟಾ ಹಾಕಿದ ಪಟ್ಟಿ ಅದನ್ನು ಹಿಡಿದು ನಿಲ್ಲಿಸಿತು. ಕುತ್ತಿಗೆಯ ಹಿಂಭಾಗಕ್ಕೆ ಒಂದಂಗುಲವನ್ನೂ ಹೆಚ್ಚಿಸಲಿಲ್ಲ. ಅಂಚನ್ನು ಸೊಂಟದ ಅಗಲವಾದ ಭಾಗವನ್ನು ದಾಟಿಸಿ ನಾಲ್ಕಂಗುಲ ಕೆಳಗೆ ಇಳಿಸಿದರು. ಉಣ್ಣೆ ಸ್ವಲ್ಪ ಸಾಲದೆ ಬಂದಾಗ ಅದಕ್ಕಿಂತ ಕಪ್ಪಾದ ಬಣ್ಣವನ್ನು ತಂದು ಎರಡು ಪಕ್ಕಗಳಲ್ಲಿ ಉದ್ದನೆಯ ಪಟ್ಟೆಯಾಗಿ ಸೇರಿಸಿದರು. ಕೊರತೆಯಿಂದ ಹುಟ್ಟಿದ ಈ ಪಟ್ಟೆಯೇ ಮೈಯನ್ನು ತೆಳುವಾಗಿ ತೋರಿಸಿತೆಂಬುದು ಆಮೇಲೆ ಎಲ್ಲರೂ ಒಪ್ಪಿದ ಮಾತು.

ಸಂಕ್ರಾಂತಿಗೆ ಇನ್ನೂ ವಾರವಿರುವಾಗ ಸ್ವೆಟರು ಮುಗಿಯಿತು. ಈ ಸಲ ಯಜಮಾನರು ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟು ನೋಡಿದರು. ಮೊಮ್ಮಗಳಂತೂ ಅಜ್ಜಿಯ ಮೈಯಿಂದಲೇ ಅದನ್ನು ಕಳಚಿಸಿಕೊಂಡು, ತನ್ನ ಜೀನ್ಸಿನ ಮೇಲೆ ತೊಟ್ಟು, ಕನ್ನಡಿಯ ಮುಂದೆ ಮೂರು ಸುತ್ತು ತಿರುಗಿದಳು.

‘ಅಜ್ಜಿ, ಇದು ನನಗಿರಲಿ. ಸೋಮವಾರ ಕಾಲೇಜಿಗೆ ಹಾಕಿಕೊಂಡು ಹೋಗ್ತೀನಿ.’

‘ಮಗು ಅಷ್ಟು ಆಸೆಯಿಂದ ಕೇಳುತ್ತಿದೆ, ಕೊಟ್ಟುಬಿಡೆ’ ಎಂದರು ತಾತ. ಆ ಮನೆಯಲ್ಲಿ ಇದುವರೆಗೆ ಹಾಗೆಯೇ ನಡೆದು ಬಂದಿತ್ತು. ಕೊಡುವುದಿಲ್ಲವೆಂಬ ಅನುಮಾನ ಯಾರಿಗೂ ಇರಲಿಲ್ಲ.

ಆಕೆ ಎದ್ದು ಹುಡುಗಿಯ ಹಿಂದೆ ನಿಂತರು. ಭುಜದ ಹೊಲಿಗೆ ಹುಡುಗಿಯ ರಟ್ಟೆಯಿಂದ ಎಷ್ಟು ಕೆಳಗೆ ಇಳಿದಿದೆ ಎಂಬುದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಳಿಕ ಮೆಲ್ಲನೆ ಅದನ್ನು ಕಳಚಿ, ತಮ್ಮ ಸೆರಗನ್ನು ಸರಿಪಡಿಸಿಕೊಂಡು, ತಾವೇ ತೊಟ್ಟು, ಕೆಳಗಿನ ಮೂರು ಗುಂಡಿಗಳನ್ನು ಹಾಕಿಕೊಂಡರು.

‘ಇದು ನನ್ನ ಅಳತೆಯದು ಕಣೇ, ನಿನಗೆ ಭುಜ ಜಾರುತ್ತದೆ. ನಿನಗೆ ಬೇರೆಯೇ ಹಾಕಿಕೊಡುತ್ತೇನೆ’ ಎಂದು ನೋಟುಪುಸ್ತಕವನ್ನು ಕೈಗೆತ್ತಿಕೊಂಡರು. ‘ಹೋಗು, ಟೇಪು ತೆಗೆದುಕೊಂಡು ಬಾ.’