ಒಂಟಿ ಅಲ್ಲ, ಒಂಟಿ ಮಾಡ್ಯಾರೆ

ದೂರು ಬರೆಯುವಾಗ ‘ನಾವು ಒಂಟಿಯಾಗಿದ್ದೇವೆ’ ಅಂತ ದಯವಿಟ್ಟು ಬರೀಬೇಡಿ.

ಏಕಾಂತ ನಾವೇ ಬಯಸಿ ಹೋಗೋದು. ಒಂಟಿತನ ದಾವಣಗೆರೆ ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಬರುತ್ತೆ. ಕೊರೊನಾ ಐಸೋಲೇಶನ್ನಿಗೆ ದಿನಗಳ ಲೆಕ್ಕ ಇತ್ತು, ಮುಗಿದ ಮೇಲೆ ಮನೆಗೆ ಬಿಟ್ರು. (ಕೇರಿಗೆ ಆ ಲೆಕ್ಕ ಯಾರೂ ಹಾಕಿಲ್ಲ ಬಿಡಿ.) ಬಹಿಷ್ಕಾರ ಹಾಗಲ್ಲ, ಅದನ್ನ ಹಾಕಿದವರು ಇರ್ತಾರೆ. ‘ಒಂಟಿ’ ಅಂದ ಕೂಡಲೇ ಅವರು ಮಾಯ. ಬಾಬಾಸಾಹೇಬರು 1927ರಲ್ಲಿ ತಮ್ಮ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಅಂತಲೇ ಹೆಸರಿಟ್ಟರು.

ಹರಿಹರ ಕಡೆಯ ಅಣ್ಣ ಒಬ್ರು ಅರ್ಜಿ ತಂದಿದ್ರು. ಅಂಗಡೀಲಿ ಸಾಮಾನು ಕೊಡಲ್ಲ, ಗಿರಣೀಲಿ ಜೋಳ ಬೀಸಲ್ಲ, ಕೂಲಿಗೆ ಕರೆಯಲ್ಲ. “ಯಾರು, ಯಾವತ್ತಿಂದ, ಅದನ್ನ ಬರೀರಿ ಅಣ್ಣ” ಅಂದೆ. “ಮಾತಾಡಿಸ್ದೇ ಇದ್ರೆ ಕೇಸ್ ಆಗತ್ತೇನ್ರಿ?” ಅಂದ್ರು.

ಆಗುತ್ತೆ. ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಸಾಮಾಜಿಕ ಬಹಿಷ್ಕಾರವನ್ನ ಬಿಡಿಸಿ ಹೇಳಿದೆ: ವಾಡಿಕೆಯ ಸೇವೆ ತಡೆಯೋದು, ಸಂಬಂಧ ಕಡಿಯೋದು, ಇತರರಿಂದ ಬೇರ್ಪಡಿಸೋದು. ಕೂಲಿಗೆ ಕರೆಯದೇ ಇರೋದು ಆರ್ಥಿಕ ಬಹಿಷ್ಕಾರ. ಹಾಕ್ತೀವಿ ಅಂತ ಬೆದರಿಸಿದ್ರೂ ಅಪರಾಧ. 6 ತಿಂಗಳಿಂದ 5 ವರ್ಷ ಜೈಲು, ಜೊತೆಗೆ ದಂಡ.

ಅರ್ಜಿ ಬರೆಸೋರು ಭಾನುವಾರ ಸಿಗಿ, ಕಚೇರಿಗೆ ರಜೆ. ಬರುವಾಗ ತಾರೀಕು, ಹೆಸರು ನೆನಪು ಮಾಡ್ಕೊಂಡು ಬನ್ನಿ.